ಆರು ವಾರ ನಿಲ್ಲುವುದು

ಮೂರನೇ ಸಲ. ಅದೇ ಎಡಗಾಲು.
ಬೀಮಿನಿಂದ ಇಳಿದವಳು ಕೂಗಲಿಲ್ಲ, ಅಳಲಿಲ್ಲ,
"ಮತ್ತೆ ಬಂತು, ಅಕ್ಕೋರೆ" ಅಂದಳು,
ಬೇಡದ ನೆಂಟ ಬಾಗಿಲಲ್ಲಿ ನಿಂತ ಹಾಗೆ.

ಪ್ರಾಚಿ ತಾಂಡೇಲ, ಹನ್ನೊಂದು ವರ್ಷ, ಬೈತಖೋಲ.
ಗಿಣ್ಣು ಊದಿ ಬಂಗುಡೆಯ ಹೊಟ್ಟೆಯಾಯಿತು,
ಸಂಜೆಯೊಳಗೆ ಬಂಗುಡೆಯ ಬೆನ್ನಿನ ಬಣ್ಣವೂ ಬಂತು.

ನಮ್ಮ ಕಾಲದಲ್ಲಿ ಅರಿಶಿನ, ಸುಣ್ಣ, ಒಂದು ಬಟ್ಟೆ;
ಮೂರು ದಿನ ರಜೆ, ನಾಲ್ಕನೇ ದಿನ ಜಿಗಿ.
ನೋವು ಹೋದರೆ ವಾಸಿ ಎಂಬ ಲೆಕ್ಕ.
ಆ ಲೆಕ್ಕದ ಬಾಕಿಯನ್ನು ಇವತ್ತಿಗೂ
ಬಸ್ಸಿನ ಮೆಟ್ಟಿಲು ಇಳಿವಾಗ ತೀರಿಸುತ್ತೇನೆ,
ಬಲಗಾಲಲ್ಲಿ, ಕಂತು ಕಂತಾಗಿ.

ಹಾಗಾಗಿ ಇವಳಿಗೆ ಹಾರುವುದು ಬಂದ್.
ಪಂಚರ್ ಅಂಗಡಿಯ ಹಳೇ ಟ್ಯೂಬು ತಂದು
ಕಿಟಕಿಯ ಸರಳಿಗೆ ಬಿಗಿದೆ.
ಪಾದ ಹೊರಕ್ಕೆ ಎಳಿ, ತಡಿ,
ಬಿಡುವಾಗ ನಿಧಾನ,
ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸುವಷ್ಟು ನಿಧಾನ.
ನೆಲದ ಟವೆಲನ್ನು ಕಾಲ್ಬೆರಳಲ್ಲೇ ಮುದುರು.
ಮೆಟ್ಟಿಲಂಚಲ್ಲಿ ಹಿಮ್ಮಡಿ ಎತ್ತು, ಇಳಿಸು.
ಹಲ್ಲುಜ್ಜುವಾಗ ಒಂಟಿಕಾಲು.
"ಅಷ್ಟೇನಾ?"
ಅಷ್ಟೇ. ಆರು ವಾರ.

ಮೀನುಬುಟ್ಟಿ ಇಳಿಸಿ ಅವಳ ಆಯಿ ಕೇಳಿದಳು:
"ನಿಲ್ಲೂದಕ್ಕೂ ಫೀಸು ಕೊಡಬೇಕಾ?"
ಒಳಗಿನ ನಾರು ಸಡಿಲಾಗಿದೆ, ಸುತ್ತಲ ಸ್ನಾಯು... ಎಂದು ನಾನು ಶುರುಮಾಡುವಷ್ಟರಲ್ಲಿ,
"ತಿಳೀತು ಬಿಡಿ. ಬಲೆ ಹರಿದಲ್ಲೇ ಗಂಟು ಹಾಕಿದ್ರೆ ನಿಲ್ಲೂದಿಲ್ಲ,
ಸುತ್ತಿನ ನಾಲ್ಕು ಕಣ್ಣು ಹಿಡೀಬೇಕು."
ಮರುದಿನದಿಂದ
ಹಲ್ಲುಜ್ಜುವ ಹೊತ್ತಿನ ಕಾವಲು ಅವಳದೇ.

ನಾಲ್ಕನೇ ವಾರ. ಬೋಟುಗಳು ಮರಳುವ ಹೊತ್ತು.
ಉಳಿದವರು ಓಡಿ ಬಂದು ಹಾರುತ್ತಾರೆ,
ಹಲಗೆಯ ಪ್ರತಿ ಢಬ್ಬಿಗೂ
ಮೂಲೆಯಲ್ಲಿ ನಿಂತ ಇವಳ ಭುಜ
ಅರ್ಧ ಇಂಚು ಮೇಲೇಳುತ್ತದೆ.

"ಕಣ್ಣು ಮುಚ್ಚು" ಅಂದೆ.
ಗಿಣ್ಣು ನಡುಗಿತು, ಒಳಕ್ಕೆ ವಾಲಿತು, ಹೊರಕ್ಕೆ ವಾಲಿತು,
ದೋಣಿಯ ಮೂತಿಯಲ್ಲಿ ನಿಂತು ಬಲೆ ಬೀಸುವವನ ಹಾಗೆ
ಬೀಳುವ ಮೊದಲೇ ಬೀಳುವುದನ್ನು ತಿಳಿದುಕೊಂಡಿತು.
ಹದಿನೇಳು. ಹದಿನೆಂಟು.

ಯಾರೂ ನೋಡುತ್ತಿಲ್ಲ ಎಂದು
ನಾನೂ ಬಲಗಾಲ ಮೇಲೆ ನಿಂತೆ,
ಮೂವತ್ತು ವರ್ಷದ ಮೇಲೆ, ಕಣ್ಣು ಮುಚ್ಚಿ.
ನಾಲ್ಕಕ್ಕೇ ಬಳೆ ಗೋಡೆಗೆ ತಾಗಿತು.

ಕಣ್ಣು ತೆರೆಯದೆಯೇ ಅಂದಳು:
"ಅಕ್ಕೋರೆ, ಗೋಡೆ ಮುಟ್ಟೂ ಹಂಗಿಲ್ಲ."