ಮೂವತ್ತೊಂದರ ಗೌನು

ಕಾಲರಿನೊಳಗೆ ಕೆಂಪು ದಾರದಲ್ಲಿ
ನನ್ನ ಸಂಖ್ಯೆ, ನಲವತ್ತೇಳು.
ಅದರಡಿ, ಬಿಚ್ಚಿದ ಹೊಲಿಗೆಯ ಸಣ್ಣ ತೂತುಗಳು.
ಉಗುರಾಡಿಸಿದರೆ ಸಿಗುತ್ತದೆ
ಮೂವತ್ತೊಂದು.

ಯಾರವಳು ಎಂದೆ.
ಸಿಸ್ಟರ್ ಇಗ್ನೇಷಿಯಾ ಬಾಯ್ತುಂಬ ಗುಂಡುಸೂಜಿ,
ನೆಟ್ಟಗೆ ನಿಲ್ಲು ಎಂದರು ಕಣ್ಣಲ್ಲೇ.
ಆಮೇಲೆ ಅಡುಗೆಮನೆಯ ಹನೋರಾ ಹೇಳಿದಳು:
ವಿನಿಫ್ರೆಡ್ ಗಾರ್ಸ್ಟಾಂಗ್. ಕೆಮ್ಮು. ತಪಸ್ಸುಕಾಲದಲ್ಲಿ.

ಪ್ರೆಸ್ಟನ್ನಿನ ಗಿರಣಿಯಲ್ಲಿ ಅಮ್ಮ
ಬೆಳಗಿಂದ ಬೈಗಿನವರೆಗೆ ನೇಯುತ್ತಾಳೆ.
ಅದು ಯಾರ ಮೈಗೆ ಹೋಗುತ್ತದೋ.
ಪಿಯಾನೊ ಕಲಿಯುವವರಿಗೆ ಲೇಸಿನ ಪೆಟಿಕೋಟು,
ನಮಗೆ ತೇಪೆ ಹಾಕುವ ಪಾಠ.

ಸ್ನಾನಕ್ಕೂ ಅಂಗಿ ತೊಟ್ಟೇ ಇಳಿಯಬೇಕು ತೊಟ್ಟಿಗೆ,
ಕಣ್ಣು ಮುಚ್ಚಿ, ಮೇರಿ ಮಾತೆಯ ಹೆಸರು ಹೇಳುತ್ತ.
ಹಾಗಾಗಿ ನಾನು ಬೆಳೆದದ್ದು ನನಗೆ ಗೊತ್ತಾಗುವುದು
ಗೌನಿನ ಅಂಚಿನಿಂದ ಮಾತ್ರ.

ಪ್ರತಿ ಮೈಕೇಲರ ಹಬ್ಬಕ್ಕೆ ಒಂದು ಮಡಿಕೆ ಬಿಚ್ಚುತ್ತಾರೆ.
ಹಳೆಯ ಅಂಚಿನ ಗೆರೆ ಎಷ್ಟು ಒಗೆದರೂ ಹೋಗದು.
ಒಂಬತ್ತರದು ಅವಳ ಗೆರೆ, ಹತ್ತರದೂ ಅವಳದೇ,
ಹನ್ನೊಂದರದು ತುಸು ಹೆಚ್ಚೇ ಕೆಳಗೆ,
ಆ ವರ್ಷ ಸರ್ರನೆ ಬೆಳೆದಿರಬೇಕು ಪಾಪ.
ಒಂದೊಂದನ್ನೇ ಮುಟ್ಟುತ್ತ ಬಂದೆ ನಾನು,
ಅಕ್ಕನ ಹೆಜ್ಜೆಯ ಗುರುತಲ್ಲಿ ಹೆಜ್ಜೆಯಿಟ್ಟ ಹಾಗೆ.

ನಿನ್ನೆ ಕೊನೆಯ ಮಡಿಕೆ ಬಿಚ್ಚಿದರು.
ಒಳಗಿನ ಬಟ್ಟೆ ಕಡುನೀಲಿ, ಬಿಸಿಲನ್ನೇ ಕಂಡಿಲ್ಲ.
ಗೆರೆಯಿಲ್ಲ.
ಮೂಸಿದೆ. ಅಂಗಡಿಯ ವಾಸನೆ ಇನ್ನೂ ಇತ್ತು.

ಪ್ರಾರ್ಥನೆಗೆ ಸಾಲಾಗಿ ಹೋಗುವಾಗ
ಮೀನಖಂಡಕ್ಕೆ ತಗಲುತ್ತಿತ್ತು
ಆ ಎರಡು ಬೆರಳಗಲದ ನೀಲಿ.
ಮೆಲ್ಲಗೆ ನಡೆದೆ,
ಈಗಷ್ಟೇ ಯಾರೋ ಒರೆಸಿಹೋದ
ನೆಲದ ಮೇಲೆ ನಡೆವ ಹಾಗೆ.