ಬ್ಯಾಳಿ ಬೇಯುವ ನೀರು

ಮೇ ಇಪ್ಪತ್ತು. ಶಹಾಬಾದ್ ಸ್ಟೇಶನ್ನಿನ ಹಿಂದೆ
ಮಲ್ಕಮ್ಮನ ಖಾನಾವಳಿ, ಹಿತ್ತಲಲ್ಲಿ ಬಾವಿ.
ಮೂವತ್ತೆಂಟು ಮೊಳ ಹಗ್ಗ ಇಳಿದು
ಕೊಡಕ್ಕೆ ಮೊದಲು ತಾಗುವುದು ಕಲ್ಲು,
ನೀರು ಆಮೇಲೆ.

"ಸರ, ಬ್ಯಾಳಿ ಬೇಯವಲ್ದು ನೋಡ್ರಿ.
ಹನ್ನೊಂದು ಸೀಟಿ ಹೊಡಿಸೀನಿ,
ಸೋಡಾ ಹಾಕೀನಿ, ಬೈದೀನಿ.
ಕಾಳು ಕಾಳಾಗೇ ಕುಂತಾವ
ಮುನಿಸಿಕೊಂಡ ಅಳಿಯಾನ ಗತೆ."

ಈ ಊರಲ್ಲಿ ನೆಲ, ಗೋಡೆ, ಮಾಡು, ಗೋರಿ ಎಲ್ಲ ಫರಸಿ.
ಬೇಸಿಗೆಯಲ್ಲಿ ಕುಡಿಯುವುದೂ ಸ್ವಲ್ಪ ಅದನ್ನೇ.
ಹಂಡೆಯ ತಳದ ಬಿಳಿ ಪದರನ್ನು
ಅವಳು ಸೌಟಿನ ಹಿಡಿಯಿಂದ ಕೆರೆಯುತ್ತಾಳೆ.

ಬಾಟಲಿಗೆ ಚೀಟಿ ಅಂಟಿಸಿದೆ: ಮುಂಗಾರಿಗೆ ಮೊದಲು.
ಲ್ಯಾಬಿನಲ್ಲಿ ದ್ರಾಕ್ಷಿಗೆಂಪು ನೀಲಿಗೆ ತಿರುಗುವವರೆಗೆ
ಬ್ಯುರೆಟ್ಟಿನಿಂದ ಒಂದೊಂದೇ ಹನಿ.
ಗಡಸುತನ ಎಂಟುನೂರ ನಲವತ್ತು.
ಅವಳ ಕುಕ್ಕರು ಹೇಳಿದ್ದನ್ನೇ
ನಾನು ಸಹಿ ಹಾಕಿ ಹೇಳಿದೆ.

ಮಿರಗ ಬಂದೂ ಬರಲಿಲ್ಲ.
ಆರಿದ್ರಾ ಹೊಲದ ಬದುವಿಗೆ ನಿಂತು ಹೋಯಿತು.
ಹುಬ್ಬಿ ಸುರಿಯಿತು. ಉತ್ತರಿ ಬಿಡಲೇ ಇಲ್ಲ.
ಕಾಗಿಣಾ ಸೇತುವೆಯ ಮೊಣಕಾಲು ಹಿಡಿದಳು,
ಬಾವಿಯಲ್ಲಿ ಏಳು ಸಾಲು ಕಲ್ಲಷ್ಟೇ ಒಣಗಿದ್ದವು.

ಅಕ್ಟೋಬರ್ ಒಂಬತ್ತು. "ಉಣ್ರಿ ಮೊದಲ.
ಎರಡೇ ಸೀಟಿ! ಬ್ಯಾಳಿ ಬೆಣ್ಣಿ ಆಗ್ಯಾದ."
ಉಂಡೆ. ನಿಜ. ನೀರೂ ಸಿಹಿ.
ಹಿತ್ತಲಾಚೆ ತಿಪ್ಪೆ, ಎರಡು ಎಮ್ಮೆ,
ಹತ್ತಿ ಹೊಲದ ಬೇಲಿಗೆ ಯೂರಿಯಾದ ಖಾಲಿ ಚೀಲ.
ಮಳೆ ಯಾವ ದಾರಿ ಹಿಡಿದು ಕೆಳಗಿಳಿಯಿತೆಂದು
ನಾಲಿಗೆ ಕೇಳುವುದಿಲ್ಲ.

ಎರಡನೇ ಬಾಟಲಿ.
ಗಡಸುತನ ಮುನ್ನೂರ ಹತ್ತು, ಚಲೋ.
ನೈಟ್ರೇಟ್ ತೊಂಬತ್ತಾರು.
ನಲವತ್ತೈದಕ್ಕೇ ಕೆಂಪು ಗೆರೆ ನನ್ನ ರಿಜಿಸ್ಟರಿನಲ್ಲಿ.
ಬಣ್ಣವಿಲ್ಲ, ವಾಸನೆಯಿಲ್ಲ,
ಕುಕ್ಕರಿಗೆ ಇದು ಗೊತ್ತಿಲ್ಲ.

ಸಾಹೇಬರ ಸಹಿ ಬೀಳಲು ಆರು ವಾರ.
ನೆನಪಾದದ್ದು ಖಾನಾವಳಿಯ ಮೂಲೆಯ ಜೋಳಿಗೆ ತೊಟ್ಟಿಲು,
ಎದೆಹಾಲು ಸಾಲದ ಮಗಳು,
ಡಬ್ಬಿಯ ಪುಡಿ ಕದಡುವ ಸ್ಟೀಲು ಲೋಟ.
"ನೀರು ಕುದಿಸೇ ಹಾಕ್ತೀನ್ರಿ ಸರ" ಅಂದಿದ್ದಳು.
ಕುದಿಸಿದರೆ ಇದು ಹೋಗುವುದಿಲ್ಲ,
ಇನ್ನಷ್ಟು ಒತ್ತಾಗುತ್ತದೆ.

ಸಂಜೆಯ ಪ್ಯಾಸೆಂಜರ್ ಹತ್ತಿದೆ,
ಕೈಯಲ್ಲಿ ಇಪ್ಪತ್ತು ಲೀಟರಿನ ಕ್ಯಾನು.
ಮಲ್ಕಮ್ಮ ನಕ್ಕಳು:
"ಬ್ಯಾಳಿ ಬೇಯೂ ನೀರಿಗಿ ಯಾ ರೋಗರೀ?"

ನೀಲಿಗಾಗಿ ಕಾಯುವುದೇ ನನ್ನ ನೌಕರಿ.
ಇಲ್ಲಿ ಕಾಯಲಾರದೆ
ಕೂಸಿನ ಬೆರಳು ಬಲ್ಬಿನ ಬೆಳಕಿಗೆ ಹಿಡಿದೆ.
ಉಗುರು ಗುಲಾಬಿ.
ಇನ್ನೂ ಗುಲಾಬಿ.