ಬಂಗಡೆಯ ಐಸು

ಕರೆಂಟು ಹೋಗಿ ಫ್ರಿಜ್ಜಿನ ಗೊಣಗು ನಿಂತದ್ದೇ
ಮಂಜಗುಣಿ ಧಕ್ಕೆಗೆ ಓಡಿದೆ.
'ಬಂಗಡೆಗೆ ಹಾಕಿದ್ದು, ಸಿಸ್ಟರೇ, ನಾರ್ತದೆ' ಎನ್ನುತ್ತ ಮಂಕಾಳಿ
ಡಬ್ಬಿ ತುಂಬ ಐಸು ಸುರಿದಳು, ಕಾಸು ಮುಟ್ಟಲಿಲ್ಲ.

ಸೆಕೆಗೂ ಕೆಡುವ, ಹೆಪ್ಪುಗಟ್ಟಿದರೂ ಕೆಡುವ
ರಕ್ತ ನಿಲ್ಲಿಸುವ ಮದ್ದು.
ಟವೆಲು ಸುತ್ತಿ ಮಲಗಿಸಿದೆ,
ಐಸಿನ ಪಕ್ಕ, ಐಸು ತಾಗದಂತೆ.

ನಸುಕಿಗೆ ನಾಗವೇಣಿ ಹೆತ್ತಳು.
ಕೈ ಅವಸರ ಪಟ್ಟಿತು; ತಡೆದೆ.
ಮೊದಲು ಹೊಟ್ಟೆ ಮುಟ್ಟಿ ಕೇಳಬೇಕು:
ಒಳಗೆ ಇನ್ನೊಬ್ಬರಿದ್ದೀರಾ?
ಇಲ್ಲ.
ಶೀಶೆಯ ಹೆಸರು ಓದಿ, ತಾರೀಖು ಇನ್ನೊಮ್ಮೆ ಓದಿ
ತೊಡೆಗೆ ಚುಚ್ಚಿದೆ.

ಅಂಗೈಯಡಿ ಗರ್ಭಕೋಶ ನಿಧಾನ ಮುಷ್ಟಿ ಕಟ್ಟಿತು.
ಬಟ್ಟೆಯ ಮೇಲೆ ಕೆಂಪು
ಇಳಿತದ ಹೊಳೆಯಂತೆ ಹಿಂದೆ ಸರಿಯಲಿಲ್ಲ, ನಿಜ;
ನಿಂತಲ್ಲೇ ನಿಂತಿತು. ಅಷ್ಟು ಸಾಕು.

ಅತ್ತೆ ಬಂದು ಮೊಮ್ಮಗಳ ನೆತ್ತಿ ಮೂಸಿ
ಮುಖ ಸಿಂಡರಿಸಿದಳು:
'ಇಲ್ಲಿ ಬಂಗಡೆ ತಂದವರಾರು?'